ಮಗು, ನಾಯಿ, ಎರಡು ದಿನ ರಜೆ: ಕಾರಿಲ್ಲದೆ ಹೋಗಿಬರೋದು ಹೇಗೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. 9 ತಿಂಗಳ ಮಗಳಿದ್ದಾಳೆ. ಜೊತೆಗೆ ಕರಿಯ, 4 ವರ್ಷದ ನಾಟಿ ನಾಯಿ, 18 ಕೆಜಿ ತೂಕ. ನಮಗೆ ಕಾರಿಲ್ಲ, ತಗೊಳ್ಳುವ ಯೋಚನೆಯೂ ಇಲ್ಲ. ಮಗು ಹುಟ್ಟಿದ ಮೇಲೆ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಕರಿಯನಿಗೂ ಸುತ್ತಾಟ ಕಡಿಮೆಯಾಗಿ ಮಂಕಾಗಿದ್ದಾನೆ. ಎರಡು ದಿನ ಎಲ್ಲಾದರೂ ಹೋಗಿಬರೋಣ ಅಂದರೆ ನಮ್ಮವರು ಕೊಡಗು ಅಂತಾರೆ, ನಾನು ಮೈಸೂರು ಅಂತೀನಿ. ಅತ್ತೆ ನಾಯಿಯನ್ನು ಬೋರ್ಡಿಂಗಿಗೆ ಬಿಟ್ಟು ಹೋಗಿ ಅಂತಾರೆ. ಚಿಕ್ಕಪ್ಪ ರೈಲಿನ ಗಾರ್ಡ್ ಡಬ್ಬಿಗೆ ಹಾಕಿದರೆ ಆಯ್ತು ಅಂತಾರೆ. ಟ್ಯಾಕ್ಸಿ ಮಾಡೋಣವೆಂದರೆ ದಾರಿಯಲ್ಲಿ ಮಗು ವಾಂತಿ ಮಾಡಿಕೊಂಡರೆ ಅಂತ ಭಯ. ಏನು ಮಾಡಲಿ?

ಉತ್ತರ: ಕೊಡಗೋ ಮೈಸೂರೋ ಅನ್ನುವ ಚರ್ಚೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಾರಿದ್ದವರು ಮೊದಲು ಊರು ನೋಡುತ್ತಾರೆ, ಆಮೇಲೆ ದಾರಿ. ನಿಮಗೆ ಲೆಕ್ಕ ತಿರುಗುಮುರುಗು. ಕರಿಯನನ್ನು ಯಾವ ಗಾಡಿ ಹತ್ತಿಸಿಕೊಳ್ಳುತ್ತದೆ ಅನ್ನುವುದು ಮೊದಲು. ಆ ಗಾಡಿ ಎಲ್ಲಿಗೆ ಹೋಗುತ್ತದೋ ಅದೇ ನಿಮ್ಮ ಊರು. ಮಗುವಿನದು ಅಷ್ಟು ತಲೆನೋವಿಲ್ಲ. ಅದಕ್ಕೆ ಬಸ್ಸು, ರೈಲು ಎಲ್ಲ ಕಡೆಯೂ ಜಾಗ ಇದೆ, ಟಿಕೆಟ್ಟೂ ಬೇಡ. ನಾನು ಪಶುವೈದ್ಯ. ಹಾಗಾಗಿ ನಾಯಿ ಕಡೆಯಿಂದಲೇ ಶುರು ಮಾಡುತ್ತೇನೆ.

ಕೊಡಗಿಗೆ ರೈಲಿಲ್ಲ. ಮಡಿಕೇರಿಗೆ ಬಸ್ಸೇ ಗತಿ. ಬೆಂಗಳೂರಿನಿಂದ ಐದಾರು ಗಂಟೆಯ ದಾರಿ, ಕೊನೆಯ ಭಾಗ ಪೂರ್ತಿ ತಿರುವು. ಹೋಮ್‌ಸ್ಟೇಗಳಿರುವುದು ತೋಟದೊಳಗೆ. ಬಸ್ಸಿಳಿದ ಮೇಲೆ ಜೀಪೋ ಆಟೊವೋ ಹುಡುಕಬೇಕು. ಎರಡು ದಿನದ ರಜೆಯಲ್ಲಿ ಒಂದು ದಿನ ದಾರಿಯಲ್ಲೇ ಕಳೆದುಹೋಗುತ್ತದೆ. ಮಗು ಇನ್ನೊಂದೆರಡು ವರ್ಷ ದೊಡ್ಡದಾಗಲಿ, ಆಗ ಹೋಗಿ. ಅಂದಹಾಗೆ, ಯಾವತ್ತು ಹೋದರೂ ಅಲ್ಲಿನ ಜೇನುತುಪ್ಪವನ್ನು ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಹಚ್ಚಬೇಡಿ. ಮನೆಯಲ್ಲಿ ಯಾರಾದರೂ ಹಿರಿಯರು ಹಟ ಮಾಡಿದರೆ ಮಕ್ಕಳ ಡಾಕ್ಟರ ಹೆಸರು ಹೇಳಿ ತಪ್ಪಿಸಿಕೊಳ್ಳಿ.

ಈಗ ರೈಲಿನ ವಿಷಯ. ಬೆಂಗಳೂರು-ಮೈಸೂರು ಮಧ್ಯೆ ಹಗಲಲ್ಲಿ ಓಡುವ ಶತಾಬ್ದಿ, ವಂದೇ ಭಾರತ್, ಟಿಪ್ಪು ಎಲ್ಲ ಕುರ್ಚಿ ಸೀಟಿನ ಗಾಡಿಗಳು. ಅವುಗಳಲ್ಲಿ ನಾಯಿಯನ್ನು ನಿಮ್ಮ ಜೊತೆ ಕೂರಿಸಿಕೊಳ್ಳುವ ಹಾಗಿಲ್ಲ. ಸ್ಲೀಪರ್, ತ್ರೀ ಟಯರ್, ಟೂ ಟಯರ್, ಜನರಲ್ ಬೋಗಿ ಯಾವುದರಲ್ಲೂ ಇಲ್ಲ. ನಾಯಿ ನಿಮ್ಮ ಪಕ್ಕದಲ್ಲೇ ಇರಬೇಕೆಂದರೆ ಒಂದೇ ದಾರಿ, ಫಸ್ಟ್ ಕ್ಲಾಸ್ ಎ.ಸಿ. ಅದರಲ್ಲೂ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು. ಬೇರೆ ಪ್ರಯಾಣಿಕರು ಇರುವ ಕ್ಯಾಬಿನ್ನಿಗೆ ನಾಯಿ ತರುವ ಹಾಗಿಲ್ಲ. ಇಲ್ಲೊಂದು ತೊಡಕಿದೆ. ಟಿಕೆಟ್ ಮಾಡುವಾಗ ನಿಮಗೆ ಕೂಪೆಯೋ ಕ್ಯಾಬಿನ್ನೋ ಅಂತ ಗೊತ್ತಾಗುವುದಿಲ್ಲ. ಚಾರ್ಟ್ ಆಗುವಾಗಷ್ಟೇ ತಿಳಿಯುತ್ತದೆ.

ಚಿಕ್ಕಪ್ಪ ಹೇಳುವ ಗಾರ್ಡ್ ಡಬ್ಬಿ ನಿಯಮದಲ್ಲಿ ಇದೆ, ಸುಳ್ಳಲ್ಲ. ಲಗೇಜು-ಬ್ರೇಕ್ ವ್ಯಾನಿನಲ್ಲಿ ನಾಯಿಗೆಂದೇ ಒಂದು ಗೂಡು ಇರುತ್ತದೆ. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಲಸಿಕೆ ಪುಸ್ತಕ ತೋರಿಸಿ, ದುಡ್ಡು ಕಟ್ಟಿ ಹಾಕಬಹುದು. ಊರು ಬದಲಾಯಿಸುವವರಿಗೆ, ಬೇರೆ ದಾರಿಯೇ ಇಲ್ಲದವರಿಗೆ ಅದು ಸರಿ. ರಜೆಗೆಂದು ಹೊರಟವರಿಗೆ ನಾನು ಬೇಡ ಅಂತೀನಿ. ಕತ್ತಲೆ ಗೂಡು, ಕಬ್ಬಿಣದ ಸದ್ದು, ಸೆಕೆ, ಪರಿಚಯದ ಮುಖ ಒಂದೂ ಇಲ್ಲ. ನಡುವಿನ ನಿಲ್ದಾಣಗಳಲ್ಲಿ ಗಾಡಿ ಎರಡು ನಿಮಿಷ ನಿಂತರೆ ಜಾಸ್ತಿ. ಅಷ್ಟರಲ್ಲಿ ನೀವು ಮಗು ಎತ್ತಿಕೊಂಡು ಓಡಿ ನೋಡಿಬರಲು ಆಗುತ್ತದಾ? ನಾಯಿಗೆ ಮೈಯೆಲ್ಲ ಬೆವರಿ ತಣ್ಣಗಾಗುವ ಅನುಕೂಲ ಇಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಸೆಕೆಯ ಗೂಡಿನಲ್ಲಿ ಹೆದರಿದ ನಾಯಿ ಏದುಸಿರು ಬಿಡುತ್ತಾ ಹೋದರೆ ಮೈ ಬಿಸಿ ಏರುತ್ತಲೇ ಹೋಗುತ್ತದೆ. ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿಗಳಿಗಂತೂ ಪ್ರಾಣಕ್ಕೇ ಬರಬಹುದು. ನಿಮ್ಮ ಕರಿಯನ ಮೂತಿ ಉದ್ದ, ಆರೋಗ್ಯವಂತ, ಬದುಕಿಕೊಳ್ಳುತ್ತಾನೆ. ಆದರೆ ಇಳಿದ ಮೇಲೆ ಆ ದಿನವಿಡೀ ಅವನು ಅವನಾಗಿರುವುದಿಲ್ಲ. ಹಾಗೆ ಹೆದರಿದ ನಾಯಿಯನ್ನು ಅಂಬೆಗಾಲಿಡುವ ಮಗುವಿನ ಜೊತೆ ಹೊಸ ಕೋಣೆಯಲ್ಲಿ ಇಡುವುದೇ ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ಬಸ್ಸು. ನೀವು ನಗಬೇಡಿ, ನಿಮ್ಮ ಈ ಮೊದಲ ಪ್ರಯಾಣಕ್ಕೆ ನಾನು ಹೇಳುವುದು ನಮ್ಮ ಕೆಂಪು ಬಸ್ಸನ್ನೇ. ಕೆಎಸ್‌ಆರ್‌ಟಿಸಿಯ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ನಾಯಿಗೆ ಅವಕಾಶ ಇದೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಲ್ಲಿ ಇಲ್ಲ. 2022ರ ಕೊನೆಯಲ್ಲಿ ನಿಯಮ ಬದಲಾಯಿಸಿ ನಾಯಿಗೆ ಅರ್ಧ ಟಿಕೆಟ್ ಮಾಡಿದರು, ಅದಕ್ಕೂ ಮುಂಚೆ ಪೂರ್ತಿ ಟಿಕೆಟ್ ಇತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಈ ಬಸ್ಸು ಉಚಿತ, ಗುರುತಿನ ಚೀಟಿ ಮರೆಯಬೇಡಿ. ಮಗುವಿಗೆ ಟಿಕೆಟ್ಟಿಲ್ಲ. ಅಂದರೆ ಈ ಸಂಸಾರದಲ್ಲಿ ದುಡ್ಡು ಕೊಟ್ಟು ಪ್ರಯಾಣ ಮಾಡುವವರು ನಿಮ್ಮವರು ಮತ್ತು ಕರಿಯ, ಇಬ್ಬರೇ.

ನಿಯಮ ಇದೆ ಅಂದಮಾತ್ರಕ್ಕೆ ಎಲ್ಲ ಕಂಡಕ್ಟರೂ ನಗುತ್ತಾ ಹತ್ತಿಸಿಕೊಳ್ಳುತ್ತಾರೆ ಅಂತಲ್ಲ. ಬಸ್ಸು ತುಂಬಿದ್ದರೆ ಅವರಾದರೂ ಏನು ಮಾಡಿಯಾರು? ಅದಕ್ಕೇ ದಾರಿಯಲ್ಲಿ ಕೈ ಅಡ್ಡ ಹಾಕುವ ಕೆಲಸ ಬೇಡ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೇ ಹೋಗಿ. ಬಸ್ಸು ಅಲ್ಲಿಂದಲೇ ಹೊರಡುತ್ತದೆ, ಖಾಲಿ ಇರುವಾಗಲೇ ಹತ್ತಬಹುದು. ಮೊದಲು ಕಂಟ್ರೋಲರ್ ಹತ್ತಿರ ಕೇಳಿ, ಆಮೇಲೆ ಕಂಡಕ್ಟರ್ ಹತ್ತಿರ. ಕೇಳುವಾಗ ನಾಯಿ ನಿಮ್ಮ ಕಾಲಿನ ಪಕ್ಕ ಸುಮ್ಮನೆ ಕೂತಿದ್ದರೆ ಅರ್ಧ ಕೆಲಸ ಆದಂತೆ. ಒಂದು ಬಸ್ಸಿನವರು ಆಗಲ್ಲ ಅಂದರೆ ವಾದ ಬೇಡ, ಮೈಸೂರಿನ ಕಡೆಗೆ ಇನ್ನೊಂದು ಬಸ್ಸು ಬರಲು ಬಹಳ ಹೊತ್ತು ಬೇಕಿಲ್ಲ.

ಸೀಟು ಆರಿಸುವುದರಲ್ಲೂ ಲೆಕ್ಕ ಇದೆ. ಹಿಂದಿನ ಉದ್ದ ಸೀಟು ಬೇಡ, ಕುಲುಕಾಟ ಜಾಸ್ತಿ. ಚಕ್ರದ ಮೇಲಿನ ಸೀಟೂ ಬೇಡ, ಕಾಲ ಬುಡದಲ್ಲಿ ಜಾಗ ಇರುವುದಿಲ್ಲ. ಇಬ್ಬರು ಕೂರುವ ಸೀಟು ಹಿಡಿಯಿರಿ. ಕಿಟಕಿ ಪಕ್ಕ ನೀವು ಮತ್ತು ಮಗು, ಈಚೆಗೆ ನಿಮ್ಮವರು, ಅವರ ಕಾಲುಗಳ ನಡುವೆ ಕರಿಯ. ಮನೆಯಲ್ಲಿ ಅವನು ಮಲಗುವ ಬಟ್ಟೆಯನ್ನೇ ನೆಲಕ್ಕೆ ಹಾಸಿ. ಮೂರು ಜನರ ಸೀಟಿಗೆ ಹೋದರೆ ನಾಯಿಗೆ ಹೆದರುವ ಮೂರನೆಯವರೊಬ್ಬರು ಬಂದು ಕೂರುತ್ತಾರೆ, ದಾರಿಯುದ್ದಕ್ಕೂ ಇಬ್ಬರಿಗೂ ಸಂಕಟ.

ಚೈನು ಗಟ್ಟಿಯಾಗಿರಲಿ, ಆದರೆ ಕತ್ತಿನ ಬೆಲ್ಟಿಗೆ ಹಾಕುವ ಬದಲು ಎದೆಗೆ ಸುತ್ತುವ ಹಾರ್ನೆಸ್‌ಗೆ ಹಾಕಿ. ಬ್ರೇಕ್ ಹೊಡೆದಾಗ ಕತ್ತು ಜಗ್ಗುವುದಿಲ್ಲ. ಮೂತಿಗೆ ಹಾಕುವ ಮಜಲ್ ಜೊತೆಗಿರಲಿ. ಬಾಯಿ ಬಿಗಿಯುವ ಬಟ್ಟೆಯದ್ದು ಬೇಡ, ಅದರಲ್ಲಿ ನಾಯಿಗೆ ಬಾಯ್ತೆರೆದು ಏದುಸಿರು ಬಿಡಲು ಆಗುವುದಿಲ್ಲ. ಬುಟ್ಟಿಯ ಥರ ಇರುವುದು ತನ್ನಿ. ಅದನ್ನು ಬಸ್ಸಿನಲ್ಲೇ ಮೊದಲ ಸಲ ಹಾಕಿದರೆ ಅವನು ಕಿತ್ತೊಗೆಯಲು ರಂಪ ಮಾಡುತ್ತಾನೆ. ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಹಾಕಿ, ಒಳಗೊಂದು ತುಂಡು ಬೇಯಿಸಿದ ಕೋಳಿ ಕೊಟ್ಟು ಅಭ್ಯಾಸ ಮಾಡಿಸಿ.

ವಾಂತಿಯ ಭಯ ಹೇಳಿದಿರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದು ಅಪರೂಪ. ಹೊರಡುವ ಹೊತ್ತಿಗೆ ಹೊಟ್ಟೆ ಬಿರಿಯುವಷ್ಟು ರಾಗಿ ಸರಿ ತಿನ್ನಿಸದಿದ್ದರೆ ಸಾಕು. ವಾಂತಿ ಮಾಡಿಕೊಳ್ಳುವವನು ಕರಿಯ. ಗಾಡಿ ಅಭ್ಯಾಸವಿಲ್ಲದ ನಾಯಿ ಮೊದಲು ಜೊಲ್ಲು ಸುರಿಸುತ್ತದೆ, ಪದೇ ಪದೇ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಆಮೇಲೆ ಒಂದೇ ಸಲ ಹೊರಗೆ ಬರುತ್ತದೆ. ಹೊರಡುವುದಕ್ಕೆ ನಾಲ್ಕು ಗಂಟೆ ಮುಂಚೆಯಿಂದ ಅವನಿಗೆ ಊಟ ಬೇಡ, ನೀರು ಗುಟುಕು ಗುಟುಕಾಗಿ ಕೊಡಿ. ಹಳೇ ಟವೆಲ್ ಎರಡು, ಪ್ಲಾಸ್ಟಿಕ್ ಕವರು ನಾಲ್ಕು ಕೈಗೆ ಸಿಗುವಂತಿರಲಿ. ವಾಂತಿ ತಡೆಯುವ ಒಳ್ಳೆಯ ಮಾತ್ರೆ ನಾಯಿಗಳಿಗೂ ಇದೆ, ನಿಮ್ಮ ಪಶುವೈದ್ಯರು ತೂಕ ನೋಡಿ ಬರೆದುಕೊಡಲಿ. ಮನೆಯಲ್ಲಿರುವ ಮನುಷ್ಯರ ವಾಂತಿ ಮಾತ್ರೆ ಬೇಡ. ನಿದ್ದೆ ಬರಿಸುವ ಮಾತ್ರೆ ಕೇಳಿಕೊಂಡು ನನ್ನ ಹತ್ತಿರ ಬರುವವರು ತುಂಬಾ ಜನ, ನಾನು ಕೊಡುವುದಿಲ್ಲ. ಮತ್ತಿನಲ್ಲಿರುವ ನಾಯಿಗೆ ಮೈ ಬಿಸಿಯನ್ನೂ ಕಾಲಿನ ಹಿಡಿತವನ್ನೂ ಸರಿಯಾಗಿ ಕಾಪಾಡಿಕೊಳ್ಳಲು ಆಗುವುದಿಲ್ಲ. ಕೆಲವಕ್ಕೆ ಭಯ ಹಾಗೇ ಇರುತ್ತದೆ, ಮೈ ಮಾತ್ರ ಸೋತಿರುತ್ತದೆ.

ಟ್ಯಾಕ್ಸಿಯನ್ನು ಮುಟ್ಟಲೇಬೇಡಿ ಅನ್ನಲ್ಲ. ಮನೆಯಿಂದ ಸ್ಯಾಟಲೈಟಿಗೆ ಮೆಟ್ರೊ ಆಗುವುದಿಲ್ಲ, ಅದರಲ್ಲಿ ನಾಯಿಗೆ ಪ್ರವೇಶವಿಲ್ಲ. ಆಟೊ ಸಾಕು, ಮೊದಲೇ ನಾಯಿ ಇದೆ ಅಂತ ಹೇಳಿ. ಹತ್ತೋ ಇಪ್ಪತ್ತೋ ಜಾಸ್ತಿ ಕೇಳಿದರೆ ಕೊಟ್ಟುಬಿಡಿ, ಸೀಟು ಒರೆಸುವವರು ಅವರೇ ತಾನೆ. ದೂರದ ಹೈವೇಗೆ ಮಾತ್ರ, ಮಗುವಿನ ಸೀಟಿಲ್ಲದ ಟ್ಯಾಕ್ಸಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟು 100ರ ವೇಗದಲ್ಲಿ ಹೋಗುವುದು ನನಗೆ ಇಷ್ಟವಿಲ್ಲ.

ಇನ್ನು ಊರು. ನನ್ನ ಆಯ್ಕೆ ಶ್ರೀರಂಗಪಟ್ಟಣ. ಮೈಸೂರು ನಿಮ್ಮ ಮನಸ್ಸಿನಲ್ಲಿದೆ, ಗೊತ್ತು. ಆದರೆ ಅರಮನೆ, ಮೃಗಾಲಯ ಯಾವುದಕ್ಕೂ ಕರಿಯ ಬರುವ ಹಾಗಿಲ್ಲ. ಒಬ್ಬರು ಒಳಗೆ, ಒಬ್ಬರು ಗೇಟಿನ ಹತ್ತಿರ ನಾಯಿ ಹಿಡಿದುಕೊಂಡು. ಅದೆಂಥ ರಜೆ? ಶ್ರೀರಂಗಪಟ್ಟಣದಲ್ಲೂ ರಂಗನಾಥನ ಗುಡಿಗೆ, ದರಿಯಾ ದೌಲತ್ತಿಗೆ ನಾಯಿ ಇಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿ ಗುಡಿಯ ಹೊರಗೇ ನೋಡಲು, ನಡೆಯಲು ಬೇಕಾದಷ್ಟಿದೆ. ಕೋಟೆ ಗೋಡೆಯ ಗುಂಟ ಹಳೇ ಬೀದಿಗಳು, ಕಾವೇರಿ ದಡ, ಗಂಜಾಂ ಕಡೆಯ ಗದ್ದೆ ಬದಿಯ ದಾರಿ. ಊರು ಚಿಕ್ಕದು. ಸುಸ್ತಾದರೆ ಆಟೊದಲ್ಲಿ ಹತ್ತು ನಿಮಿಷಕ್ಕೆ ಕೋಣೆ ಸೇರಬಹುದು. ಮಗು ಮತ್ತು ನಾಯಿ ಜೊತೆಗಿದ್ದಾಗ ಇದಕ್ಕಿಂತ ದೊಡ್ಡ ಸೌಕರ್ಯ ಇಲ್ಲ. ಮೈಸೂರು ಅಲ್ಲಿಂದ 15 ಕಿ.ಮೀ. ಅಷ್ಟೇ, ತೀರಾ ಆಸೆಯಾದರೆ ಒಂದು ಸಂಜೆ ಹೋಗಿ ಕಾಫಿ ಕುಡಿದು ಬನ್ನಿ.

ಬಸ್ಸು ಹತ್ತುವಾಗ ಒಂದು ಮಾತು ಕೇಳಿಕೊಳ್ಳಿ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೈವೇ ಆದಮೇಲೆ ಎಲ್ಲ ಬಸ್ಸೂ ಊರೊಳಗೆ ಹೋಗುವುದಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಇದೆ. "ಶ್ರೀರಂಗಪಟ್ಟಣದ ಸ್ಟ್ಯಾಂಡಿಗೆ ಹೋಗುತ್ತಾ?" ಅಂತ ಸ್ಪಷ್ಟವಾಗಿ ಕೇಳಿ. ಇಲ್ಲದಿದ್ದರೆ ಹೈವೇ ಪಕ್ಕ ಇಳಿಸಿ ಹೋಗುತ್ತಾರೆ. ಮಗು, ನಾಯಿ, ಎರಡು ಚೀಲ ಹಿಡಿದು ಆ ರಸ್ತೆಯಲ್ಲಿ ನಿಲ್ಲುವುದು ಯಾರಿಗೂ ಬೇಡ. ಊರೊಳಗೆ ನುಗ್ಗಿ ಬರುವ ಬಸ್ಸು ನಿಧಾನ, ನಿಜ. ನಿಮಗೆ ನಿಧಾನವೇ ಒಳ್ಳೆಯದು. ದೊಡ್ಡ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಕರಿಯನನ್ನು ಇಳಿಸಿ ಒಂದಕ್ಕೆ ಮಾಡಿಸಬಹುದು, ಕಂಡಕ್ಟರಿಗೆ ಹೇಳಿ ಇಳಿಯಿರಿ.

ಮದ್ದೂರಿನಲ್ಲಿ ಬಸ್ಸಿನೊಳಗೇ ವಡೆ ಬರುತ್ತದೆ. ನೀವು ತಿನ್ನಿ, ಕರಿಯನಿಗೆ ಒಂದು ಚೂರೂ ಬೇಡ. ಅದರ ತುಂಬಾ ಈರುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಕರಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಪಕ್ಕದ ಸೀಟಿನ ಮಕ್ಕಳು ಪ್ರೀತಿಯಿಂದ ಚಾಕಲೇಟ್ ಎಸೆಯುತ್ತಾರೆ, ಕಣ್ಣಿಟ್ಟಿರಿ. ಚನ್ನಪಟ್ಟಣದ ಬೊಂಬೆ ಮಗಳಿಗೆ ಬೇಕಾದರೆ ತಗೊಳ್ಳಿ, ಅರಗಿನ ಬಣ್ಣದ ಮರದ ಗಿಲಕಿ ಹಲ್ಲು ಬರುವ ಮಕ್ಕಳಿಗೆ ಚೆನ್ನ. ಆದರೆ ನಾಯಿಗೆ ಅದೂ ಒಂದು ಕಟ್ಟಿಗೆ ತುಂಡೇ. ಅವನು ಕಡಿದು ಚೂರು ಮಾಡಿದ್ದನ್ನು ಮಗು ಬಾಯಿಗಿಡುತ್ತದೆ.

ಯಾವತ್ತು ಹೊರಡಬೇಕು? ಶನಿವಾರ-ಭಾನುವಾರ ಬೇಡ. ಶುಕ್ರವಾರ ಸಂಜೆ ಊರು ಬಿಡುವ ಜನ, ಭಾನುವಾರ ಸಂಜೆ ವಾಪಸ್ ಬರುವ ಜನ, ಎರಡರಲ್ಲೂ ಕೆಂಪು ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮಿಬ್ಬರಿಗೂ ಒಂದು ಸೋಮವಾರ ರಜೆ ಸಿಕ್ಕರೆ ಭಾನುವಾರ ಬೆಳಗ್ಗೆ ಆರಕ್ಕೆ ಹೊರಟು ಸೋಮವಾರ ಮಧ್ಯಾಹ್ನ ವಾಪಸ್ ಬನ್ನಿ. ಬೆಳಗಿನ ತಂಪಿನಲ್ಲಿ ಮಗುವೂ ಇನ್ನೊಂದು ನಿದ್ದೆ ತೆಗೆಯುತ್ತದೆ. ತಿಂಗಳು ನವೆಂಬರಿನಿಂದ ಜನವರಿ ಒಳಗೆ ಇರಲಿ. ದಸರಾ ಆಸುಪಾಸಿನಲ್ಲಿ ಆ ಕಡೆ ತಲೆ ಹಾಕಬೇಡಿ. ಏಪ್ರಿಲ್ ಬಿಸಿಲಿಗೆ ಕಲ್ಲು ಹಾಸಿನ ನೆಲ ಕಾದು ನಾಯಿಯ ಪಾದ ಸುಡುತ್ತದೆ. ಅನುಮಾನ ಬಂದರೆ ನಿಮ್ಮ ಅಂಗೈ ಹಿಂಬದಿಯನ್ನು ನೆಲಕ್ಕೆ ಒತ್ತಿ ನೋಡಿ. ಐದಾರು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯನ್ನು ನಡೆಸಬೇಡಿ.

ಉಳಿದುಕೊಳ್ಳುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎಡವಟ್ಟು ಆಗುವುದು ಹೆಚ್ಚಾಗಿ ಅಲ್ಲೇ. "ಪೆಟ್ ಫ್ರೆಂಡ್ಲಿ" ಅಂತ ಬೋರ್ಡು ಹಾಕಿದ ಮಾತ್ರಕ್ಕೆ ನಂಬಬೇಡಿ, ಫೋನ್ ಮಾಡಿ ಕೇಳಿ. ನಾಯಿ ಕೋಣೆಯೊಳಗೆ ನಮ್ಮ ಜೊತೆ ಇರಬಹುದಾ, ಇಲ್ಲಾ ಹೊರಗೆ ಗೂಡಿನಲ್ಲಿ ಕಟ್ಟಬೇಕಾ? ಕಾಂಪೌಂಡಿಗೆ ಗೋಡೆ ಇದೆಯಾ, ಬರೀ ಬೇಲಿಯಾ? ಇಲಿ ಪಾಷಾಣ ಎಲ್ಲಿಟ್ಟಿದ್ದಾರೆ? ಗದ್ದೆ, ಕಬ್ಬಿನ ತೋಟದ ಪಕ್ಕದ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ನಿಮ್ಮಲ್ಲಿ ನಾಯಿ ಇದೆಯಾ, ಅದನ್ನು ಕಟ್ಟಿರುತ್ತೀರಾ? ಹೋಮ್‌ಸ್ಟೇ ಮಾಲೀಕರು "ನಮ್ಮದು ಏನೂ ಮಾಡಲ್ಲ" ಅಂದೇ ಅನ್ನುತ್ತಾರೆ. ಅವರ ನಾಯಿಗೆ ಅದು ಅದರ ಮನೆ, ಕರಿಯ ನುಗ್ಗಿ ಬಂದವನು. ಗೇಟಿನೊಳಗೆ ಮುಖಾಮುಖಿ ಬೇಡ. ಎರಡನ್ನೂ ಚೈನಿನಲ್ಲಿ ಹಿಡಿದು ಹೊರಗಿನ ರಸ್ತೆಯಲ್ಲಿ ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಸಿ, ಆಮೇಲೆ ಒಳಗೆ ಹೋಗಿ. ಆ ಹೊತ್ತಿನಲ್ಲಿ ಮಗು ನಿಮ್ಮ ತೋಳಲ್ಲಿ, ದೂರದಲ್ಲಿ ಇರಲಿ.

ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮಗು ಎತ್ತಿಕೊಂಡವರ ಕೈಯಲ್ಲಿ ನಾಯಿಯ ಚೈನು ಇರಕೂಡದು. ಒಂದು ನಿಮಿಷಕ್ಕೂ ಬೇಡ. ಬಸ್ ಸ್ಟ್ಯಾಂಡಿನ ಬೀದಿನಾಯಿಗಳು ಬೊಗಳುತ್ತಾ ಬಂದರೆ 18 ಕೆಜಿಯ ಕರಿಯ ಒಂದೇ ಸಲ ಎಳೆಯುತ್ತಾನೆ. ಎದೆಗೆ ಮಗು ಕಟ್ಟಿಕೊಂಡವರು ಮುಗ್ಗರಿಸಿದರೆ ಕೈ ಊರುವುದು ಹೇಗೆ? ಅದಕ್ಕೇ ಹೊರಡುವ ಮುಂಚೆ ಕೆಲಸ ಹಂಚಿಕೊಳ್ಳಿ, ಒಬ್ಬರದು ಮಗು, ಒಬ್ಬರದು ನಾಯಿ. ಒಬ್ಬರಿಗೆ ಶೌಚಾಲಯಕ್ಕೆ ಹೋಗಬೇಕೆಂದರೆ ನಾಯಿಯನ್ನು ಗಟ್ಟಿ ಕಂಬಕ್ಕೆ ಕಟ್ಟಿ, ಕಣ್ಣೆದುರೇ ಇರಲಿ. ಇಬ್ಬರಲ್ಲಿ ಒಬ್ಬರಿಗೆ ಬರಲಾಗದಿದ್ದರೆ ಆ ಸಲದ ಪ್ರಯಾಣ ಬಿಡಿ.

ಕೋಣೆಯೊಳಗೂ ಅಷ್ಟೇ. ಕರಿಯ ಮನೆಯಲ್ಲಿ ಮಗುವಿನ ಜೊತೆ ಚೆನ್ನಾಗಿದ್ದಾನೆ ಅನ್ನುವುದು ಮನೆಯ ಮಾತು. ಹೊಸ ಜಾಗದಲ್ಲಿ ಅವನಿಗೂ ಕಸಿವಿಸಿ. 9 ತಿಂಗಳ ಮಗು ತೆವಳಿಕೊಂಡು ಹೋಗಿ ಕಿವಿ ಹಿಡಿಯುತ್ತದೆ, ಊಟದ ತಟ್ಟೆಗೆ ಕೈ ಹಾಕುತ್ತದೆ. ನಾಯಿ ಗುರ್ ಅನ್ನುವುದಕ್ಕೆ ಮುಂಚೆ ಎಷ್ಟೋ ಹೇಳಿರುತ್ತದೆ. ಮುಖ ತಿರುಗಿಸುತ್ತದೆ, ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುತ್ತದೆ, ಇದ್ದಕ್ಕಿದ್ದಂತೆ ಮೈ ಬಿಗಿ ಹಿಡಿದು ನಿಂತುಬಿಡುತ್ತದೆ. ಈ ಕೊನೆಯದು ಕಂಡರೆ ಆ ಕ್ಷಣ ಮಗುವನ್ನು ಎತ್ತಿಕೊಳ್ಳಿ, ನಾಯಿಯನ್ನು ಬೈಯಬೇಡಿ. ಗುರ್ ಅಂದದ್ದಕ್ಕೆ ಹೊಡೆಸಿಕೊಂಡ ನಾಯಿ ಮುಂದಿನ ಸಲ ಗುರ್ ಅನ್ನದೆ ಕಚ್ಚುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಅವನ ಹಾಸಿಗೆ ಹಾಕಿ, ಅಲ್ಲಿಗೆ ಮಗು ಹೋಗದಂತೆ ಕುರ್ಚಿ ಅಡ್ಡ ಇಡಿ. ಊಟ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿ ಕೊಟ್ಟರೆ ತಂಟೆಯೇ ಇಲ್ಲ. ಇಬ್ಬರನ್ನೇ ಬಿಟ್ಟು ನೀವು ಹೊರಗೆ ಫೋನಿನಲ್ಲಿ ಮಾತಾಡಲು ಹೋಗುವುದಂತೂ ಬೇಡವೇ ಬೇಡ.

ಔಷಧಿ ವಿಷಯ. ಹೊರಡುವುದಕ್ಕೆ ಒಂದು ತಿಂಗಳು ಇರುವಾಗಲೇ ಕರಿಯನನ್ನು ವೈದ್ಯರಿಗೆ ತೋರಿಸಿ. ರೇಬೀಸ್ ಲಸಿಕೆ ಚಾಲ್ತಿಯಲ್ಲಿರಬೇಕು, ಇದು ಎಲ್ಲರಿಗೂ ಗೊತ್ತು. ಇಲಿಜ್ವರದ ಲಸಿಕೆ ಸೇರಿರುವ ಚುಚ್ಚುಮದ್ದು ಹಾಕಿಸಿದ್ದಾರಾ ಅಂತ ಬಹಳ ಜನ ನೋಡುವುದಿಲ್ಲ. ಮಂಡ್ಯ ಸೀಮೆಯ ಗದ್ದೆ, ನಾಲೆ, ಕಬ್ಬು ಇರುವಲ್ಲಿ ಇಲಿ ಇರುತ್ತದೆ, ಇಲಿಯ ಉಚ್ಚೆ ಬಿದ್ದ ನಿಂತ ನೀರಿನಿಂದ ಆ ರೋಗ ನಾಯಿಗೂ ಮನುಷ್ಯರಿಗೂ ಬರುತ್ತದೆ. ಜಂತುಹುಳುವಿನ ಮಾತ್ರೆ ಮೂರು ತಿಂಗಳಿಗೊಮ್ಮೆ ಆಗಿರಲಿ, ನೆಲದ ಮೇಲೆ ತೆವಳುವ ಮಗು ಮನೆಯಲ್ಲಿದೆ. ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳುವಿಗೆ ಕತ್ತಿನ ಮೇಲೆ ಬಿಡುವ ಹನಿಗಿಂತ ನುಂಗುವ ಮಾತ್ರೆ ಕೇಳಿ. ಹನಿ ಔಷಧಿ ಹಾಕಿದ ಕೂದಲನ್ನೇ ಮಗು ಹಿಡಿದು ಆ ಕೈಯನ್ನು ಬಾಯಿಗಿಡುತ್ತದೆ. ನಿಮ್ಮ ಸೊಳ್ಳೆ ಕ್ರೀಮನ್ನು ಕರಿಯನಿಗೆ ಹಚ್ಚಬೇಡಿ, ಅವನು ನೆಕ್ಕಿಕೊಳ್ಳುತ್ತಾನೆ. ಮಗುವಿಗೆ ಮಡಚುವ ಸೊಳ್ಳೆ ಪರದೆ ಒಯ್ಯಿರಿ. ಮಗುವಿನ ಜ್ವರದ ಪ್ಯಾರಾಸಿಟಮಾಲ್ ಹನಿ ಮಗುವಿಗೆ ಮಾತ್ರ, ನಾಯಿ ಕುಂಟಿದರೂ ಅದನ್ನು ಕೊಡಬೇಡಿ. ಮಗುವಿಗೆ ಏನು ಒಯ್ಯಬೇಕು, ಎಷ್ಟು ಕೊಡಬೇಕು ಅನ್ನುವುದನ್ನು ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ. ನನ್ನದು ನಾಲ್ಕು ಕಾಲಿನವರ ಕಡೆಯ ಮಾತು.

ಬೀದಿನಾಯಿ ನಿಮ್ಮನ್ನೋ ಮಗುವನ್ನೋ ಪರಚಿದರೂ, ಕಚ್ಚಿದರೂ ಸಣ್ಣದು ಅಂತ ಬಿಡಬೇಡಿ. ಹರಿಯುವ ನೀರು, ಸೋಪು, 15 ನಿಮಿಷ ತೊಳೆದು, ತಕ್ಷಣ ಸರ್ಕಾರಿ ಆಸ್ಪತ್ರೆಗೆ.

ಹೊಳೆಯ ಬಗ್ಗೆ ಒಂದು ಎಚ್ಚರಿಕೆ. ಸಂಗಮದ ಹತ್ತಿರ ನೀರು ಶಾಂತವಾಗಿ ಕಾಣುತ್ತದೆ, ಕರಿಯನಿಗೂ ಇಳಿಯುವ ಆಸೆಯಾಗುತ್ತದೆ. ಬಿಡಬೇಡಿ. ಪಕ್ಕದ ರಂಗನತಿಟ್ಟಿನಲ್ಲಿ ಮೊಸಳೆಗಳಿವೆ, ಅವುಗಳಿಗೆ ಪಕ್ಷಿಧಾಮದ ಗಡಿ ಎಲ್ಲಿ ಗೊತ್ತು? ಸೆಳವೂ ಇದೆ. ದಡದಿಂದ ದೂರ, ಚಿಕ್ಕ ಚೈನಿನಲ್ಲಿ ನಡೆಸಿ. ರಂಗನತಿಟ್ಟಿಗೆ ನಾಯಿಯನ್ನು ಒಯ್ಯುವಂತಿಲ್ಲ. ಹೋಗುವ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟಕ್ಕೂ ಅಷ್ಟೇ, ಅದು ರಣಹದ್ದುಗಳ ಧಾಮ. ನಾಯಿಗಳ ಡಿಸ್ಟೆಂಪರ್‌ನಂಥ ರೋಗ ಕಾಡಿನ ಪ್ರಾಣಿಗಳಿಗೂ ಹರಡುತ್ತದೆ, ಆದ್ದರಿಂದ ಧಾಮಗಳ ಈ ನಿಯಮದಲ್ಲಿ ನಾನು ಅರಣ್ಯ ಇಲಾಖೆಯ ಕಡೆ.

ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ನಾಯಿಯನ್ನು ಬಿಟ್ಟು ಹೋಗುವುದು ದ್ರೋಹವೇನಲ್ಲ. ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವ ನಾಯಿ, ಅಪರಿಚಿತರನ್ನು ಕಂಡರೆ ಎಗರುವ ನಾಯಿ ಮನೆಯಲ್ಲೇ ಸುಖವಾಗಿರುತ್ತದೆ. ಹಾಗಿದ್ದರೆ ಬೋರ್ಡಿಂಗಿಗಿಂತ, ಅವನಿಗೆ ಪರಿಚಯವಿರುವ ಯಾರಾದರೂ ನಿಮ್ಮ ಮನೆಗೇ ಬಂದು ಮಲಗಿದರೆ ಉತ್ತಮ. ಕರಿಯ ಯಾವ ಗುಂಪಿನವನು ಅನ್ನುವುದನ್ನು ಕಂಡುಕೊಳ್ಳಲು ಒಂದು ಪರೀಕ್ಷೆ ಇದೆ. ಒಂದು ಭಾನುವಾರ ಬೆಳಗ್ಗೆ ಸ್ಯಾಟಲೈಟಿನಿಂದ ಬಿಡದಿ ಮುಟ್ಟುವ ಬಸ್ಸು ಹಿಡಿದು ತಟ್ಟೆ ಇಡ್ಲಿ ತಿಂದು ವಾಪಸ್ ಬನ್ನಿ. ಇಡ್ಲಿ ಅವನಿಗೂ ಕೊಡಬಹುದು, ಚಟ್ನಿ, ಸಾಂಬಾರ್ ಬೇಡ. ಬಸ್ಸಿನಲ್ಲಿ ಮೊದಲ ಕಾಲು ಗಂಟೆ ನಡುಗಿ ಆಮೇಲೆ ಮಲಗಿದರೆ ಅವನು ಪಾಸು. ಇಳಿಯುವವರೆಗೂ ಜೊಲ್ಲು ಸುರಿಸುತ್ತಾ, ಬಾಗಿಲ ಕಡೆ ಎಳೆಯುತ್ತಾ ಇದ್ದರೆ ಶ್ರೀರಂಗಪಟ್ಟಣಕ್ಕೆ ನೀವು ಮೂವರೇ ಹೋಗಿ.

ಫಸ್ಟ್ ಕ್ಲಾಸ್ ಕೂಪೆಯನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಮಗಳಿಗೆ ಒಂದೂವರೆ ವರ್ಷವಾದ ಮೇಲೆ ಉತ್ತರ ಕರ್ನಾಟಕದ ಕಡೆ ಹೊರಡಿ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ರಾಣಿ ಚೆನ್ನಮ್ಮದಂಥ ರಾತ್ರಿ ರೈಲಿನಲ್ಲಿ ಫಸ್ಟ್ ಎ.ಸಿ. ಇದೆ. ರಾತ್ರಿ ಹತ್ತಿದರೆ ಮಗುವೂ ನಾಯಿಯೂ ಮಲಗಿಕೊಂಡೇ ಊರು ಸೇರುತ್ತವೆ. ಧಾರವಾಡ ಈ ಥರದ ರಜೆಗೆ ಹೇಳಿ ಮಾಡಿಸಿದ ಊರು. ತಂಪು, ಮರದ ನೆರಳಿನ ರಸ್ತೆಗಳು, ಪೇಡೆ. ಪೇಡೆ ನಿಮಗೆ. ಸಾಗರದ ಕಡೆಯ ರೈಲೂ ನಿಮ್ಮ ಕಣ್ಣಿಗೆ ಬೀಳಬಹುದು. ಅಲ್ಲಿಗೆ ಹೋಗುವುದಾದರೆ ಡಿಸೆಂಬರಿನಿಂದ ಮೇ ತನಕ ಕಾಡಂಚಿನ ಹೋಮ್‌ಸ್ಟೇ ಬೇಡ. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಆ ರೋಗ ಮೊದಲು ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಜೋರಾಗಿ ಕಾಣಿಸಿತು. ಹರಡುವುದು ಕಾಡಿನ ಉಣ್ಣೆಯಿಂದ. ತರಗೆಲೆಯಲ್ಲಿ ಓಡಾಡಿದ ನಾಯಿ ಅದನ್ನು ಮೈಮೇಲೆ ಹೊತ್ತು ಕೋಣೆಗೆ ತರಬಲ್ಲದು.

ರೈಲಿನ ಬುಕಿಂಗ್ 60 ದಿನ ಮುಂಚೆ ಶುರುವಾಗುತ್ತದೆ. ಮೊದಲ ದಿನವೇ ಎರಡು ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಮಾಡಿ. 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಬೇಡವೆಂದರೆ ಟಿಕೆಟ್ಟಿಲ್ಲ. ಪ್ರಯಾಣದ ಹಿಂದಿನ ದಿನ ಟಿಕೆಟ್ ಪ್ರತಿ, ಗುರುತಿನ ಚೀಟಿ, ಕರಿಯನ ಲಸಿಕೆ ಪುಸ್ತಕದ ಪ್ರತಿ ಸೇರಿಸಿ, "ಜೊತೆಗೆ ನಾಯಿ ಇದೆ, ಕೂಪೆ ಕೊಡಿ" ಅಂತ ಮುಖ್ಯ ರಿಸರ್ವೇಶನ್ ಅಧಿಕಾರಿಗೆ ಅರ್ಜಿ ಕೊಡಿ. ಪ್ರಯಾಣಕ್ಕೆ ಒಂದೆರಡು ದಿನ ಇರುವಾಗ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಬರೆಸಿಕೊಳ್ಳಿ. ಚಾರ್ಟ್‌ನಲ್ಲಿ ಕೂಪೆ ಬಂದದ್ದು ನೋಡಿದ ಮೇಲೆ ನಿಲ್ದಾಣಕ್ಕೆ ಎರಡು ಮೂರು ಗಂಟೆ ಮುಂಚೆ ಹೋಗಿ, ಪಾರ್ಸೆಲ್ ಕಚೇರಿಯಲ್ಲಿ ಕರಿಯನ ಹೆಸರಿಗೆ ದುಡ್ಡು ಕಟ್ಟಿ ರಸೀತಿ ತಗೊಳ್ಳಿ. ಕೂಪೆಯಲ್ಲಿ ಜೊತೆಗೊಯ್ಯುವ ನಾಯಿಗೆ 60 ಕೆಜಿ ಲಗೇಜಿನ ಲೆಕ್ಕ. ರಸೀತಿ ಇಲ್ಲದೆ ಸಿಕ್ಕಿಬಿದ್ದರೆ ದಂಡ ಆರು ಪಟ್ಟು. ಕೂಪೆ ಸಿಗದಿದ್ದರೆ ಏನು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಟ್ಟಿರಿ. ಮನೆಗೆ ಬಂದು ಮಲಗುವವರಿಗೆ ಆ ದಿನ ಬಿಡುವಿರಲಿ ಅಂತ ಮುಂಚೆಯೇ ಹೇಳಿಟ್ಟರೆ ಟಿಕೆಟ್ ದುಡ್ಡೂ ಉಳಿಯುತ್ತದೆ, ಪ್ಲಾಟ್‌ಫಾರಮ್ಮಿನಲ್ಲಿ ಗಂಡ ಹೆಂಡತಿ ಜಗಳವೂ ತಪ್ಪುತ್ತದೆ.